ಯಕೃತ್ತಿಗೊಂದು ತೊಳೆಯುವ ಪಾನೀಯ

ಏಳೇ ದಿನಗಳಲ್ಲಿ ಯಕೃತ್ತನ್ನು ತೊಳೆದು ಫಳಫಳ ಹೊಳೆಸುವ ಆ ಹಸಿರು ಪಾನೀಯದ ಜಾಹೀರಾತನ್ನು ನೀವೂ ನೋಡಿರುತ್ತೀರಿ. ನೋಡದೆ ಇರಲು ಮೊಬೈಲ್ ಬಿಡಬೇಕಲ್ಲ! ವರದಿಯಲ್ಲಿ ‘ಫ್ಯಾಟಿ ಲಿವರ್’, ಅಂದರೆ ಯಕೃತ್ತಿನಲ್ಲಿ ಕೊಬ್ಬು, ಎಂದು ಬರೆಸಿಕೊಂಡು ಹೊರಬರುವಷ್ಟರಲ್ಲಿ ಅದು ಎದುರಿಗೆ ಹಾಜರು.

ನಮ್ಮ ರಕ್ತದ ಕಲ್ಮಶವನ್ನು ಹಗಲಿರುಳೂ ತೊಳೆಯುವ, ಸುಮಾರು ಒಂದೂವರೆ ಕಿಲೋ ತೂಗುವ ಅಂಗವೇ ಯಕೃತ್ತು. ಅದನ್ನು ತೊಳೆಯಲು ಪಾನೀಯವೆಂದರೆ ಪೊರಕೆಯನ್ನು ಗುಡಿಸಲು ಇನ್ನೊಂದು ಪೊರಕೆ ಕೊಂಡ ಹಾಗೆ. ಎಂತಹ ದೂರದೃಷ್ಟಿ!

ಹೊಟ್ಟೆಯ ಸುತ್ತಳತೆ ಹಿಗ್ಗುತ್ತಾ ಹೋದಂತೆ ಕೊಬ್ಬು ಯಕೃತ್ತಿನಲ್ಲೂ ಬಿಡಾರ ಹೂಡುತ್ತದೆ. ಸಾಲದೆಂಬಂತೆ ಹೊಟ್ಟೆಯೊಳಗಿನ ಕೊಬ್ಬು ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಕೆಲವರಲ್ಲಿ ಯಕೃತ್ತಿನ ಈ ಕೊಬ್ಬು ಉರಿಯೂತಕ್ಕೆ, ಅಲ್ಲಿಂದ ಯಕೃತ್ತು ಕಲೆಗಟ್ಟಿ ಗಡುಸಾಗುವ ಸಿರೋಸಿಸ್‌ಗೆ ಹೋಗುತ್ತದೆ. ಯಕೃತ್ತಿನ ಒಳಭಾಗಕ್ಕೆ ನೋವಿನ ನರಗಳಿಲ್ಲ, ಹಾಗಾಗಿ ಕೂಗುವುದೂ ಇಲ್ಲ. ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಬೇಕೆ? ಜನ್ಮದಲ್ಲಿ ದೂರು ಕೊಡುವುದಿಲ್ಲ.

ಇತ್ತ ವೈದ್ಯರು ಹೇಳುವುದು ತೀರಾ ಸಪ್ಪೆ: ನಡೆಯಿರಿ. ವಾರಕ್ಕೆ 150 ನಿಮಿಷ, ಸ್ವಲ್ಪ ಏದುಸಿರು ಬರುವಂತೆ. ದೇಹದ ತೂಕದಲ್ಲಿ ಶೇ 7ರಿಂದ 10ರಷ್ಟು ಇಳಿದರೆ ಯಕೃತ್ತಿನ ಉರಿಯೂತವೂ ತಗ್ಗುತ್ತದೆ. ಇನ್ನೂ ತಮಾಷೆಯೆಂದರೆ, ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಯಕೃತ್ತಿನ ಕೊಬ್ಬು ಕರಗುತ್ತದೆ. ಆದರೆ ನಾವು ನಂಬುವುದು ತೂಕದ ಯಂತ್ರವನ್ನು. ಬೆಳಗ್ಗೆ ಹತ್ತಿ ನಿಲ್ಲುತ್ತೇವೆ, ಮುಳ್ಳು ಕದಲಿರುವುದಿಲ್ಲ. ಚಪ್ಪಲಿ ಬಿಟ್ಟು, ಗಡಿಯಾರ ಬಿಚ್ಚಿಟ್ಟು ಮತ್ತೆ ಹತ್ತುತ್ತೇವೆ, ಉಸಿರನ್ನೂ ಹೊರಗೆ ಬಿಡುತ್ತೇವೆ. ಊಹೂಂ. ‘ನಡೆದು ಪ್ರಯೋಜನವಿಲ್ಲ’ ಎಂದು ತೀರ್ಪು ಕೊಟ್ಟು ಕುರ್ಚಿಗೆ ಮರಳುತ್ತೇವೆ. ಒಳಗೆ ಹಗುರಾಗುತ್ತಿದ್ದ ಯಕೃತ್ತಿಗೆ ಮೇಲ್ಮನವಿ ಸಲ್ಲಿಸುವ ಅವಕಾಶವೂ ಇಲ್ಲ.

ಇಂಟರ್‌ಲ್ಯುಕಿನ್-6 ಎಂಬ ಅಣುವಿನ ವರಸೆಯಂತೂ ರಾಜಕಾರಣಿಗಳಿಗೇ ಪಾಠ. ಹೊಟ್ಟೆಯ ಕೊಬ್ಬಿನಿಂದ ಸದಾ ಸೋರುತ್ತಿದ್ದರೆ ಉರಿಯೂತದ ಪಕ್ಷ. ದುಡಿಯುವ ಸ್ನಾಯುವಿನಿಂದ ಹೊರಟರೆ ಅದನ್ನು ತಣಿಸುವ ಪಕ್ಷ.

ಬಾಟಲಿಯ ಹಿಂಬದಿಯನ್ನು ಭೂತಗನ್ನಡಿ ಹಿಡಿದು ಓದಿ: ‘ನಿಯಮಿತ ವ್ಯಾಯಾಮ ಮತ್ತು ಮಿತಾಹಾರದೊಂದಿಗೆ ಸೇವಿಸಿ.’ ಅವೆರಡೂ ಇದ್ದ ಮೇಲೆ ನೀನು ಯಾಕಪ್ಪಾ?

ನಗುವುದು ಇಷ್ಟಕ್ಕೇ ಸಾಕು. ಇಂತಹ ಸರಕುಗಳಲ್ಲಿ ಕೆಲವು ಯಕೃತ್ತನ್ನೇ ತಿಂದುಹಾಕುತ್ತವೆ. ಗ್ರೀನ್ ಟೀಯ ಸಾಂದ್ರ ಸಾರದ ಮಾತ್ರೆ ನುಂಗಿ ಯಕೃತ್ತಿನ ಕಸಿಯವರೆಗೆ ಹೋದವರ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ದಪ್ಪಗಿದ್ದೇನೆಂದು ಎಲ್ಲರಿಂದ ಅನ್ನಿಸಿಕೊಂಡು, ವರದಿ ನೋಡಿ ಹೆದರಿ ಕುಳಿತವನಿಗೆ ಇದನ್ನು ಮಾರುತ್ತಾರೆ. ನಾಚಿಕೆಯಿಲ್ಲ. ಅವನು ಕಣ್ಣು ಹಳದಿಯಾಗಿ ಆಸ್ಪತ್ರೆಗೆ ಬರುತ್ತಾನೆ. ಏನೇನು ಔಷಧಿ ತೆಗೆದುಕೊಂಡಿರಿ ಎಂದು ಕೇಳಿದರೆ, ‘ಔಷಧಿ ಏನೂ ಇಲ್ಲ ಡಾಕ್ಟರೇ, ಎಲ್ಲ ನೈಸರ್ಗಿಕವೇ’ ಎನ್ನುತ್ತಾನೆ.