ಸೂರು ಸೋರುವಾಗಲೇ ಬರಬೇಕಾದ ಸರ್ಕಾರ

ನಾನಿರುವ ಬೀದಿಯಲ್ಲಿ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಅಮೆರಿಕದ ಫಿಲಡೆಲ್ಫಿಯಾದ ಹಳೇ ಬಡಾವಣೆಗಳೇ ಹಾಗೆ. ಎರಡು ಮನೆಗಳ ನಡುವೆ ಒಂದೇ ಇಟ್ಟಿಗೆ ಗೋಡೆ. ಪಕ್ಕದವರ ಸೂರು ಸೋರಿದರೆ ನಮ್ಮ ಗೋಡೆ ನೆನೆಯುತ್ತದೆ. ಕೆಲವು ವರ್ಷಗಳ ಹಿಂದೆ, ಹಿಮ ಕರಗುವ ಕಾಲದಲ್ಲಿ, ನಮ್ಮ ಮಹಡಿ ಕೋಣೆಯ ಮೂಲೆಯಲ್ಲಿ ಬಣ್ಣ ಉಬ್ಬಿಕೊಂಡಿತು. ಬೆರಳಿಟ್ಟು ಒತ್ತಿದೆ, ಗಾರೆ ಹಿಟ್ಟಿನಂತೆ ಉದುರಿತು. ಹೋಗಿ ಪಕ್ಕದ ಮನೆ ಬಾಗಿಲು ತಟ್ಟಿದೆ.

ಅಲ್ಲಿರುವುದು ಎಪ್ಪತ್ತು ದಾಟಿದ ಒಬ್ಬ ಹೆಂಗಸು, ಒಬ್ಬರೇ. ಮಹಡಿಗೆ ಕರೆದುಕೊಂಡು ಹೋಗಿ ತೋರಿಸಿದರು. ಮಂಚವನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡಿದ್ದರು. ಮಂಚ ಇರಬೇಕಾದ ಜಾಗದಲ್ಲಿ ಮೂರು ಬಕೆಟ್ಟು, ಒಂದು ಮಗುವಿನ ಸ್ನಾನದ ಟಬ್ಬು. ತಲೆಯೆತ್ತಿದರೆ ಮೇಲಿನ ಹಲಗೆ ಕೊಳೆತು ಅಂಗೈ ಅಗಲದ ಆಕಾಶ ಕಾಣುತ್ತಿತ್ತು. ಬಡವರು ಸ್ವಂತ ಮನೆಯಲ್ಲಿದ್ದರೆ ಸೂರನ್ನು ಪುಕ್ಕಟೆ ದುರಸ್ತಿ ಮಾಡಿಕೊಡುವ ಯೋಜನೆ ಈ ನಗರದಲ್ಲಿದೆ. ಅರ್ಜಿ ಹಾಕಲಿಲ್ಲವೇ ಎಂದು ಕೇಳಿದೆ. ಅವರು ಬೀರುವಿನಿಂದ ಒಂದು ಕಡತ ತೆಗೆದು ಮುಂದಿಟ್ಟರು. ಕ್ರಯಪತ್ರ ಅವರ ತಾಯಿಯ ಹೆಸರಿನಲ್ಲಿತ್ತು. ತಾಯಿ ತೀರಿಕೊಂಡು ಇಪ್ಪತ್ತು ವರ್ಷ ದಾಟಿತ್ತು. ಅಷ್ಟೂ ವರ್ಷ ತೆರಿಗೆ ಕಟ್ಟಿದವರು ಇವರೇ, ಕಾಗದದ ಮೇಲೆ ಮಾತ್ರ ಮನೆ ಇವರದಲ್ಲ.

ಆ ಕಡತ ಕೈಯಲ್ಲಿ ಹಿಡಿದಾಗ ನನ್ನ ಹೊಟ್ಟೆಯೊಳಗೆ ಏನೋ ಕಲಕಿದಂತಾಯಿತು. ಹಳೇ ಮೈಸೂರು ಸೀಮೆಯ ತಾಲ್ಲೂಕು ಊರೊಂದರಲ್ಲಿ ನಮ್ಮ ತಾತ ಕಟ್ಟಿಸಿದ ತೊಟ್ಟಿಮನೆಯ ಖಾತೆ ಇವತ್ತಿಗೂ ತಾತನ ಹೆಸರಲ್ಲೇ ಇದೆ. ತಾತ ಹೋಗಿದ್ದು 1983ರಲ್ಲಿ. ಐದು ಜನ ಮಕ್ಕಳು, ಅವರಲ್ಲಿ ಈಗ ಉಳಿದಿರುವವರು ಒಬ್ಬರು. ಮೊಮ್ಮಕ್ಕಳು ಬೆಂಗಳೂರು, ಹುಬ್ಬಳ್ಳಿ, ಪುಣೆ, ಇಲ್ಲಿ, ಅಲ್ಲಿ. ಕಂದಾಯವನ್ನು ಪ್ರತಿ ವರ್ಷ ಯಾರಾದರೂ ಒಬ್ಬರು ಕಟ್ಟಿಬಿಡುತ್ತೇವೆ. ರಶೀದಿ ತಾತನ ಹೆಸರಿಗೇ ಬರುತ್ತದೆ.

ಹೆಂಚಿನ ಮನೆ ಹೇಗೆ ಸಾಯುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲು ಕೋತಿಯೋ ಗಾಳಿಯೋ ಎರಡು ಹೆಂಚು ಸರಿಸುತ್ತದೆ. ಮೊದಲೆಲ್ಲ ಮುಂಗಾರಿಗೆ ಮುಂಚೆ ಆಳು ಕರೆಸಿ ಹೆಂಚು ಕೈಯಾಡಿಸುತ್ತಿದ್ದರು, ಒಂದು ದಿನದ ಕೆಲಸ. ಅದನ್ನು ಬಿಟ್ಟರೆ ರೀಪು ನೆನೆಯುತ್ತದೆ, ರೀಪಿನಿಂದ ಜಂತೆಗೆ, ಜಂತೆಯಿಂದ ತೊಲೆಗೆ ನೀರು ಇಳಿಯುತ್ತದೆ. ನೆನೆದ ಮರಕ್ಕೆ ಗೆದ್ದಲು ಬರುತ್ತದೆ. ಮಣ್ಣಿನ ಗೋಡೆ ತಲೆಯ ಮೇಲೆ ಒಮ್ಮೆ ನೀರು ಕುಡಿಯಿತೆಂದರೆ ಹೊಟ್ಟೆ ಬಿಟ್ಟುಕೊಂಡು ನಿಲ್ಲುತ್ತದೆ. ಅಲ್ಲಿಗೆ ಹದಿನೈದು ವರ್ಷ ಆಗಿರುತ್ತದೆ. ಆ ಹದಿನೈದು ವರ್ಷವೂ ನಮ್ಮ ಮನೆಯಲ್ಲಿ ನಡೆದ ಮಾತು ಒಂದೇ: ದುಡ್ಡು ಹಾಕುವವರು ಯಾರು? ಹಾಕಿದವನು ನಾಳೆ ಮನೆ ನನ್ನದು ಅಂದರೆ? ನಮ್ಮಲ್ಲಿ ಯಾರೂ ಕೆಟ್ಟವರಲ್ಲ, ಒಬ್ಬರ ಮದುವೆಗೆ ಒಬ್ಬರು ಓಡಿ ಹೋಗುತ್ತೇವೆ. ಮನೆ ಎಲ್ಲರದಾದ್ದರಿಂದ ಯಾರದೂ ಆಗಲಿಲ್ಲ, ಅಷ್ಟೇ.

ಪಾಳು ಮನೆಯ ವಿಷಯ ಬಂದಾಗಲೆಲ್ಲ ನಾವು ಗೋಡೆ ನೋಡುತ್ತೇವೆ, ಮೊದಲು ನೋಡಬೇಕಾದದ್ದು ಕಾಗದ. ಇದನ್ನು ನಾನು ಕಲಿತದ್ದು ಇಲ್ಲಿ. ಸತ್ತವರ ಹೆಸರಿನಲ್ಲೇ ಉಳಿದ ಮನೆಗಳಿಗೆ ಇಲ್ಲಿನವರು ಗೋಜಲು ಹಕ್ಕಿನ ಮನೆ ಅನ್ನುವ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. 2021ರಲ್ಲಿ ಪ್ಯೂ ಎಂಬ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದಾಗ ಫಿಲಡೆಲ್ಫಿಯಾ ಒಂದರಲ್ಲೇ ಇಂಥವು 10 ಸಾವಿರಕ್ಕೂ ಹೆಚ್ಚು ಸಿಕ್ಕವು, ಒಟ್ಟು ಬೆಲೆ 110 ಕೋಟಿ ಡಾಲರ್‌ಗೂ ಮೇಲೆ. ಬಹುಪಾಲು ಬಡವರ, ಕಪ್ಪು ಜನರ ಬಡಾವಣೆಗಳಲ್ಲಿ. ಉಯಿಲು ಬರೆಯದೆ ಹೋದ ಅಪ್ಪ ಅಮ್ಮ, ಕೋರ್ಟು ಕಚೇರಿ ಖರ್ಚಿಗೆ ಹೆದರಿದ ಮಕ್ಕಳು. ಓದುತ್ತಾ ಹೋದರೆ ನಮ್ಮ ಬೀದಿಯ ಕಥೆಯೇ ಅನಿಸುತ್ತದೆ.

ವ್ಯತ್ಯಾಸ ಇರುವುದು ಮುಂದಿನ ಹೆಜ್ಜೆಯಲ್ಲಿ. ಇಲ್ಲಿ ಇದು ಆ ಮನೆಯವರ ಖಾಸಗಿ ತಾಪತ್ರಯ ಎಂದು ಕೈಬಿಡಲಿಲ್ಲ, ಊರಿನ ವಸತಿ ಸಮಸ್ಯೆ ಎಂದೇ ಹಿಡಿದುಕೊಂಡರು. ವಾರಸುದಾರಿಕೆ ಬಿಡಿಸಿಕೊಡಲು ಉಚಿತ ವಕೀಲರಿದ್ದಾರೆ. ಶುಲ್ಕ, ಹಳೇ ಬಾಕಿ ತೀರಿಸಲೆಂದೇ ಒಂದು ನಿಧಿ ಇದೆ. ನಮ್ಮ ಪಕ್ಕದ ಮನೆಯವರಿಗೆ ಅಣ್ಣನ ಮಕ್ಕಳ ಸಹಿ ಹುಡುಕಿ ತರಿಸಿ ಕಾಗದ ಆಗಲು ವರ್ಷದ ಮೇಲೆ ಹಿಡಿಯಿತು. ಅದಾದ ಮೇಲೆ ಸೂರಿಗೆ ಹಿಡಿದದ್ದು ನಾಲ್ಕು ದಿನ. ಕೊಳೆತ ಹಲಗೆ ಕಿತ್ತು, ಹೊಸದು ಬಡಿದು, ಮೇಲೆ ಹಾಳೆ ಹೊದಿಸಿ ಬೆಸೆದು ಹೋದರು. ಪಕ್ಕದ ಮನೆಯವರು ಮಂಚವನ್ನು ಮತ್ತೆ ಮೊದಲಿನ ಜಾಗಕ್ಕೆ ತಳ್ಳುವಾಗ ಒಂದು ಕಡೆ ನಾನೂ ಕೈ ಹಾಕಿದ್ದೆ.

ಆ ಯೋಜನೆಯಲ್ಲಿ ನನಗೆ ತುಂಬ ಹಿಡಿಸಿದ್ದು ಅದರ ಮಿತಿ. ಸೂರು, ವಿದ್ಯುತ್ತು, ಕೊಳಾಯಿ, ಚಳಿಗಾಲದ ಹೀಟರು, ಅಂದರೆ ಇದು ಕೆಟ್ಟರೆ ಮನೆಯಲ್ಲಿರಲಾಗದು ಅನ್ನುವಂಥದ್ದನ್ನು ಮಾತ್ರ ಅವರು ಮುಟ್ಟುತ್ತಾರೆ. ಬಣ್ಣ ಬಳಿಯುವುದಿಲ್ಲ, ಅಡಿಗೆಮನೆ ಹೊಸದು ಮಾಡುವುದಿಲ್ಲ. ಒಂದು ಕಾಲಕ್ಕೆ ಇದಕ್ಕೆ ಕಾಯುವವರ ಪಟ್ಟಿ ವರ್ಷಗಟ್ಟಲೆ ಉದ್ದವಿತ್ತು. ಆಸ್ತಿ ಕೈಬದಲಾಗುವಾಗ ಕಟ್ಟುವ ತೆರಿಗೆಯನ್ನು ತುಸು ಏರಿಸಿ, ಅದರ ಬಲದ ಮೇಲೆ 10 ಕೋಟಿ ಡಾಲರ್ ಸಾಲ ಎತ್ತಿ ಆ ಬಾಕಿ ಕರಗಿಸಲು ಹೊರಟರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಈ ದುರಸ್ತಿಗಳನ್ನು ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದ್ದು ಇನ್ನೂ ಗಮನಿಸಬೇಕಾದ ಸಂಗತಿ: ಬೀದಿಯಲ್ಲಿ ಇಂಥ ಒಂದು ಮನೆ ದುರಸ್ತಿಯಾದರೆ ಆ ಬೀದಿಯ ಅಪರಾಧಗಳು ಶೇಕಡಾ 22ರಷ್ಟು ಕಡಿಮೆಯಾದವು.

ಖಾಲಿ ಬಿದ್ದ ಮನೆಗಳಿಗೆ ಬೇರೆ ದಾರಿ. ಮೊದಲೆಲ್ಲ ಮಾಲೀಕ ಪ್ಲೈವುಡ್ ಹಲಗೆ ಹೊಡೆದು ಕೈತೊಳೆದುಕೊಂಡುಬಿಡುತ್ತಿದ್ದ. ಕಣ್ಣಿಗೆ ಹಲಗೆ ಕಟ್ಟಿದ ಮನೆ ಬೀದಿಯಲ್ಲಿ ಒಂದಿದ್ದರೆ ಸಾಕು, ಇಲ್ಲಿ ಕೇಳುವವರಿಲ್ಲ ಅನ್ನುವುದು ಎಲ್ಲರಿಗೂ ತಿಳಿದುಹೋಗುತ್ತದೆ. 2011ರಿಂದ ನಗರಾಡಳಿತ ಒಂದು ನಿಯಮವನ್ನು ಬಿಗಿಯಾಗಿ ಜಾರಿಗೆ ತಂದಿತು: ಜನ ವಾಸವಾಗಿರುವ ಬೀದಿಯಲ್ಲಿ ಖಾಲಿ ಮನೆಗೂ ನಿಜವಾದ ಬಾಗಿಲು, ಗಾಜಿನ ಕಿಟಕಿ ಇರಲೇಬೇಕು. ಇಲ್ಲದಿದ್ದರೆ ಒಂದೊಂದು ಕಂಡಿಗೂ ದಿನಕ್ಕೆ 300 ಡಾಲರ್ ದಂಡ. ನಮ್ಮ ಹಿಂದಿನ ಬೀದಿಯ ಒಂದು ಮನೆಗೆ ಹೀಗೆ ಕಿಟಕಿ ಬಂದಿತು. ಒಳಗೆ ಯಾರೂ ಇಲ್ಲ, ದೀಪವಿಲ್ಲ. ಆದರೂ ಸಂಜೆ ಆ ಗಾಜಿನಲ್ಲಿ ಎದುರುಮನೆಯ ಬೆಳಕು ಹೊಳೆಯತೊಡಗಿದ ಮೇಲೆ ಮಕ್ಕಳು ಆ ಕಡೆ ಆಡಲು ಹೋದರು. ನಿಯಮ ಪಾಲಿಸಿದ ಕಟ್ಟಡಗಳ ಸುತ್ತ ಹಲ್ಲೆಗಳು ಇಳಿದದ್ದನ್ನು ಸಂಶೋಧಕರೂ ದಾಖಲಿಸಿದ್ದಾರೆ.

ಖಾಲಿ ನಿವೇಶನಗಳಿಗೂ ಇಷ್ಟೇ ಸರಳ ಮದ್ದು: ಕಸ ತೆಗೆದು, ನೆಲ ಹದ ಮಾಡಿ, ಹುಲ್ಲು ಹಾಸಿ, ಎರಡು ಗಿಡ ನೆಟ್ಟು, ಸೊಂಟದೆತ್ತರಕ್ಕೂ ಬಾರದ ಒಂದು ಮರದ ಬೇಲಿ. 541 ನಿವೇಶನಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಕಡು ಬಡ ಬಡಾವಣೆಗಳಲ್ಲಿ ಬಂದೂಕಿನ ಹಿಂಸೆ ಶೇಕಡಾ 29ರಷ್ಟು ತಗ್ಗಿತ್ತು.

ಅಮೆರಿಕವನ್ನು ಹೊಗಳಿ ನಮ್ಮೂರನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಇದೇ ನಗರ ಪಾಳು ಎಂಬ ಪದವನ್ನು ಆಯುಧ ಮಾಡಿಕೊಂಡಿದ್ದೂ ಉಂಟು. 1949ರ ವಸತಿ ಕಾಯ್ದೆಯ ಹಣ ಬಂದ ಮೇಲೆ ದೇಶದ ತುಂಬ ನಗರಾಡಳಿತಗಳು ಬಡಾವಣೆಗೆ ಬಡಾವಣೆಯನ್ನೇ ಪಾಳು ಎಂದು ಘೋಷಿಸಿ ನೆಲಸಮ ಮಾಡಿದವು. ಪಶ್ಚಿಮ ಫಿಲಡೆಲ್ಫಿಯಾದ ಬ್ಲ್ಯಾಕ್ ಬಾಟಮ್ ಎಂಬ ಕಪ್ಪು ಜನರ ನೆರೆಹೊರೆ 1960ರ ದಶಕದಲ್ಲಿ ಹಾಗೆಯೇ ಮಾಯವಾಯಿತು. ಸಾವಿರಾರು ಜನ ಎದ್ದು ಹೋದರು, ಆ ಜಾಗದಲ್ಲಿ ವಿಜ್ಞಾನ ಕೇಂದ್ರ, ಕಟ್ಟಡಗಳು ಎದ್ದವು. ಮತ್ತೆ 2001ರಲ್ಲಿ ಮೇಯರ್ ಜಾನ್ ಸ್ಟ್ರೀಟ್ 29.5 ಕೋಟಿ ಡಾಲರ್ ಬಾಂಡ್ ಎತ್ತಿ ದೊಡ್ಡ ಪ್ರಮಾಣದಲ್ಲಿ ಪಾಳು ಮನೆ ಕೆಡವಿಸಿದರು. ಅಪಾಯದ ಕಟ್ಟಡಗಳು ಹೋದವು, ನಿಜ. ಸಾಲು ಮನೆಗಳ ನಡುವೆ ಒಂದನ್ನು ಕಿತ್ತರೆ ಏನಾಗುತ್ತದೆಂದು ಇಲ್ಲಿ ಓಡಾಡಿದವರಿಗೆ ಗೊತ್ತು: ಹಲ್ಲು ಬಿದ್ದ ಬಾಯಿಯ ಹಾಗೆ ಬೀದಿ, ಉಳಿದ ಎರಡು ಮನೆಗಳ ಒಳಗೋಡೆ ಮಳೆಗೆ ಬಯಲಾಗುತ್ತದೆ. ಪಾಳು ಮನೆಯನ್ನು ನ್ಯಾಯಾಲಯದ ಮೂಲಕ ಬೇರೆಯವರ ಉಸ್ತುವಾರಿಗೆ ಒಪ್ಪಿಸುವ 2008ರ ರಾಜ್ಯ ಕಾಯ್ದೆಯೂ ಹಾಗೆ. ಒಳ್ಳೆಯ ಉದ್ದೇಶದ್ದೇ, ಆದರೆ ಬೆಲೆ ಏರುತ್ತಿರುವ ಬಡಾವಣೆಯಲ್ಲಿ ಬಡ ಮುದುಕರ ಮನೆ ಕಬಳಿಸಲು ಬಳಸುತ್ತಾರೆ ಎಂಬ ದೂರು ಅದರ ಬೆನ್ನು ಬಿಟ್ಟಿಲ್ಲ.

ಅದಕ್ಕೇ ನಾನು ಇಲ್ಲಿಂದ ನಮ್ಮೂರಿಗೆ ಒಯ್ಯಲು ಬಯಸುವುದು ಬುಲ್ಡೋಜರನ್ನಲ್ಲ, ಆ ಉಚಿತ ವಕೀಲರನ್ನು, ಆ ನಾಲ್ಕು ದಿನದ ಸೂರಿನ ಕೆಲಸವನ್ನು.

ಕರ್ನಾಟಕದಲ್ಲಿ ಮನೆಗೆ ಸರ್ಕಾರ ಖರ್ಚು ಮಾಡುವುದಿಲ್ಲ ಎಂದಲ್ಲ. ಬಸವ ವಸತಿ, ಅಂಬೇಡ್ಕರ್ ನಿವಾಸ, ಪ್ರಧಾನಮಂತ್ರಿ ಆವಾಸ್ ಎಂದು ಹೆಸರುಗಳಿವೆ, ಲಕ್ಷಾಂತರ ಕುಟುಂಬಗಳಿಗೆ ಅವುಗಳಿಂದ ನೆರಳು ಸಿಕ್ಕಿದೆ. ಆದರೆ ಅವುಗಳ ಕಣ್ಣೆಲ್ಲ ಹೊಸ ಮನೆಯ ಮೇಲೆ. ಇರುವ ಮನೆ ಬೀಳದಂತೆ ತಡೆಯುವುದು ಯಾರ ಕೆಲಸವೂ ಅಲ್ಲ. 2019ರ ನೆರೆ ಬಂದಾಗ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿದರು, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿದರು. ದೊಡ್ಡ ಮನಸ್ಸೇ ಸರಿ. ಬಿದ್ದವುಗಳಲ್ಲಿ ಮಣ್ಣಿನ ಗೋಡೆಯ ಹಳೇ ಮನೆಗಳು ಎಷ್ಟಿದ್ದವು, ಅವಕ್ಕೆ ಮುಂಚೆಯೇ ಹತ್ತಿಪ್ಪತ್ತು ಸಾವಿರದ ಸೂರಿನ ಕೆಲಸ ಆಗಿದ್ದರೆ ಎಷ್ಟು ನಿಲ್ಲುತ್ತಿದ್ದವು ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ.

ಸರ್ಕಾರಿ ಕಟ್ಟಡಗಳ ಗತಿಯೂ ಬೇರೆಯಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 1892ರದು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ, ಅದೂ ಆಗಸ್ಟ್‌ನಲ್ಲೇ, ದೇವರಾಜ ಮಾರುಕಟ್ಟೆಯ ಒಂದು ತುದಿ ಬಿತ್ತು. ಕೆಡವಬೇಕೇ ಉಳಿಸಬೇಕೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ವಾದ ಮಾಡುವವರೆಲ್ಲ ನನಗೆ ಗೌರವವುಳ್ಳವರೇ. ಅಷ್ಟು ವರ್ಷವೂ ಆ ಗೋಡೆಗಳ ಮೇಲೆ ಮಳೆ ಬೀಳುತ್ತಲೇ ಇತ್ತು.

ಬೆಂಗಳೂರಿನ ಮಾತು ಬೇರೆ. ಅಲ್ಲಿ ಮನೆಗಿಂತ ನೆಲಕ್ಕೆ ಬೆಲೆ, ಹಳೇ ಮನೆ ಪಾಳು ಬೀಳುವ ಮೊದಲೇ ನಾಲ್ಕು ಅಂತಸ್ತು ಎದ್ದಿರುತ್ತದೆ. ನಾನು ಹೇಳುತ್ತಿರುವುದು ಪುರಸಭೆ, ನಗರಸಭೆ ಊರುಗಳ ಬಗ್ಗೆ, ಕೋಟೆ ಬೀದಿ, ಪೇಟೆ ಬೀದಿ, ಅಗ್ರಹಾರಗಳಲ್ಲಿ ಬೀಗ ಹಾಕಿಕೊಂಡು ನಿಂತ ಮನೆಗಳ ಬಗ್ಗೆ. ಅಲ್ಲೇ ಬದಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಸಿಗದೆ ಅಲೆಯುವ ಜನರೂ ಇದ್ದಾರೆ.

ಈಚೆಗೆ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಶುರು ಮಾಡಿದೆ ಎಂದು ಓದಿ ತುಂಬ ಸಂತೋಷವಾಯಿತು. ಸತ್ತವರ ಹೆಸರಿನಲ್ಲೇ ಉಳಿದ ಪಹಣಿಗಳನ್ನು ಮನೆಬಾಗಿಲಿಗೇ ಹೋಗಿ ವಾರಸುದಾರರ ಹೆಸರಿಗೆ ಮಾಡಿಕೊಡುವ ಕೆಲಸ ಅದು. ಹೊಲಕ್ಕೆ ಮಾಡಬಹುದಾದದ್ದನ್ನು ಊರೊಳಗಿನ ಮನೆಗೂ ಮಾಡಬಹುದು. ಪುರಸಭೆಯ ಬಳಿ ಕಂದಾಯದ ಪುಸ್ತಕ ಇದ್ದೇ ಇದೆ. ಯಾವ ಖಾತೆದಾರ ತೀರಿಕೊಂಡು ಎಷ್ಟು ವರ್ಷವಾಯಿತು ಎಂಬುದು ಬಿಲ್ ಕಲೆಕ್ಟರಿಗೆ ಬಾಯಿಪಾಠ. ವಂಶವೃಕ್ಷ ಮಾಡಿಸುವುದರಿಂದ ಹಿಡಿದು ಪಾಲುಪತ್ರದವರೆಗೆ ಜೊತೆಗೆ ನಿಲ್ಲಲು ಉಚಿತ ಕಾನೂನು ನೆರವಿನ ಒಬ್ಬ ವಕೀಲರನ್ನು ವಾರಕ್ಕೊಂದು ದಿನ ಕೂರಿಸಲಿ. ಸೂರು, ತೊಲೆ, ವೈರಿಂಗ್ ಮಟ್ಟಿಗೆ ಸಣ್ಣ ದುರಸ್ತಿ ಅನುದಾನ ಇರಲಿ, ಅನುದಾನ ಪಡೆದವರು ಇಂತಿಷ್ಟು ವರ್ಷ ಮನೆಯಲ್ಲಿರಬೇಕು ಅಥವಾ ಬಾಡಿಗೆಗೆ ಕೊಡಬೇಕು ಎಂಬ ಷರತ್ತಿರಲಿ. ದುಡ್ಡಿದ್ದೂ ಬೀಗ ಹಾಕಿ ಬೀಳಲು ಬಿಟ್ಟವರಿಗೆ ದಂಡವೂ ಇರಲಿ. ನಮ್ಮಂಥವರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಹಣ ನಿಲ್ಲದಂತೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ. ಇದಕ್ಕೂ ಇಲ್ಲಿಯದೇ ಉದಾಹರಣೆ ಇದೆ. ಭಾರತೀಯ ಮೂಲದ ರಾಜ್ಯ ಸೆನೆಟರ್ ನಿಖಿಲ್ ಸವಾಲ್ ಮುತುವರ್ಜಿಯಿಂದ 2022ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಮನೆ ದುರಸ್ತಿಗೆಂದೇ 12.5 ಕೋಟಿ ಡಾಲರ್ ತೆಗೆದಿಟ್ಟಿತು, ಒಂದು ಮನೆಗೆ 50 ಸಾವಿರ ಡಾಲರ್‌ವರೆಗೆ. ಎರಡು ಪಕ್ಷದವರೂ ಕೈ ಜೋಡಿಸಿದರು. ಅರ್ಜಿಗಳು ಪ್ರವಾಹದಂತೆ ಬಂದವು. ಇದಕ್ಕೆ ಬಳಸಿದ ಕೋವಿಡ್ ಪರಿಹಾರದ ಹಣ ಮುಗಿದ ಮೇಲೆ ಮುಂದಿನ ಕಂತು ಬಜೆಟ್ ಜಗಳದಲ್ಲಿ ಸಿಕ್ಕಿಕೊಂಡಿತು, ಕಾಯುವವರು ಕಾಯುತ್ತಲೇ ಉಳಿದರು.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆ. ತೊಟ್ಟಿಯ ಸುತ್ತಲಿನ ನಾಲ್ಕು ಕಂಬ ಗಟ್ಟಿಯಾಗಿವೆ, ಪಡಸಾಲೆಯ ಜಂತೆಗಳಲ್ಲಿ ಅರ್ಧ ಉಳಿಸಬಹುದು ಎಂದರು ಬಡಗಿ. ಹಿತ್ತಿಲ ಕಡೆಯ ಗೋಡೆ ಹೋಗಿದೆ. ಉಳಿದೊಬ್ಬ ಚಿಕ್ಕತ್ತೆ, ಎಂಬತ್ತಾರು ವರ್ಷ, ಕುರ್ಚಿ ಹಾಕಿಸಿಕೊಂಡು ಅಂಗಳದಲ್ಲಿ ಕೂತು ನಮ್ಮೆಲ್ಲರ ಹೆಸರು ಒಂದೊಂದಾಗಿ ಹೇಳಿದರು, ನಾನು ಬರೆದುಕೊಂಡೆ. ಹದಿನಾಲ್ಕು ಸಹಿ ಬೇಕು. ಈವರೆಗೆ ಒಂಬತ್ತು ಬಂದಿವೆ. ಪುಣೆಯವನು ಬರುವ ತಿಂಗಳು ಬರುತ್ತೇನೆ ಎಂದಿದ್ದಾನೆ. ಅಲ್ಲಿಯವರೆಗೆ ಸೂರಿಗೆ ನೀಲಿ ಟಾರ್ಪಾಲು ಹೊದಿಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಹಳೇ ಹೆಂಚನ್ನೇ ಪೇರಿಸಿ ಬಂದಿದ್ದೇವೆ.