ಭೋಸರಿಯ ನಕ್ಷೆ, ಹುಬ್ಬಳ್ಳಿಯ ಅಂದಾಜು

ಪುಣೆಯ ಭೋಸರಿಯ ಸಣ್ಣ ಫ್ಯಾಬ್ರಿಕೇಶನ್ ಶೆಡ್ಡೊಂದರಲ್ಲಿ 6 ಮಿ.ಮೀ. ದಪ್ಪದ ಪ್ಲೇಟು ಕತ್ತರಿಸಿಕೊಡಲು ಕೇಳಿದಾಗ, ಅಳತೆ ಬರೆದ ಕಾಗದವಿಲ್ಲದೆ ಯಂತ್ರ ಮುಟ್ಟುವುದಿಲ್ಲವೆಂದು ಅಲ್ಲಿನ ಹುಡುಗ ಖಡಾಖಂಡಿತವಾಗಿ ಹೇಳಿಬಿಟ್ಟ. ಮನೆಯ ಗ್ಯಾರೇಜಿನ ಗೋಡೆಗೆ ಭಾರ ತೂಗುಹಾಕಲು ಅತ್ತಿತ್ತ ತಿರುಗುವ ಒಂದು ತೋಳು, ಅದಕ್ಕೊಂದು ಬ್ರಾಕೆಟ್ಟು. ಇಷ್ಟಕ್ಕೂ ನಕ್ಷೆಯೇ ಎಂದು ರೇಗಿತು. ಹುಬ್ಬಳ್ಳಿಯಲ್ಲಾದರೆ ಎರಡು ಕೈ ಅಗಲಿಸಿ ತೋರಿಸಿದರೆ ಸಾಕು, ಚಹಾ ಮುಗಿಯುವಷ್ಟರಲ್ಲಿ ಕೆಲಸ ಶುರುವಾಗಿರುತ್ತದೆ.

ಆದರೆ ನಕ್ಷೆ ಬರೆಯಲು ಕೂತವನಿಗೆ ಲೆಕ್ಕ ತಾನಾಗಿಯೇ ಎದುರಾಗುತ್ತದೆ. ಗೋಡೆಯಿಂದ 600 ಮಿ.ಮೀ. ದೂರದಲ್ಲಿ 30 ಕಿಲೋ ತೂಗಿದರೆ, ಮೇಲಿನ ಬೋಲ್ಟುಗಳಿಗೂ ಕೆಳಗಿನವಕ್ಕೂ 200 ಮಿ.ಮೀ. ಅಂತರವಿರುವ ಬ್ರಾಕೆಟ್ಟಿನಲ್ಲಿ ಮೇಲಿನವುಗಳ ಮೇಲೆ ಬೀಳುವ ಎಳೆತ ಸುಮಾರು 90 ಕಿಲೋ, ಅಂದರೆ ಭಾರದ ಮೂರು ಪಟ್ಟು. ಬೋಲ್ಟಿನ ಮೇಲೆ ಎಷ್ಟು ಎಳೆತ ಬೀಳುತ್ತದೆ ಎಂಬ ಪ್ರಶ್ನೆಯನ್ನು ನಮ್ಮೂರಿನಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ‘ನಡೀತದ ಬಿಡ್ರಿ’ ಎಂದು ಕೂರಿಸಿದ ನಮ್ಮ ಮನೆಯ ಗೇಟು ಒಂದೇ ಮಳೆಗಾಲಕ್ಕೆ ಜೋತುಬಿದ್ದು ಈಗಲೂ ನೆಲ ಕೆರೆಯುತ್ತಿದೆ. ಕಿರ್ಲೋಸ್ಕರರ ಉದ್ಯಮ 1888ರಲ್ಲಿ ಹುಟ್ಟಿದ್ದೇ ಬೆಳಗಾವಿಯಲ್ಲಿ. ಆದ್ದರಿಂದ ಅಳತೆಯ ಶಿಸ್ತು ನಮ್ಮ ಸೀಮೆಗೆ ಪರಕೀಯವೆಂದು ಯಾರೂ ಸಬೂಬು ಹೇಳಬೇಕಿಲ್ಲ. ಅಂದಹಾಗೆ, ಕಾಗದ ಕೇಳಿದ ಆ ಹುಡುಗ ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನೇ. ಊರಲ್ಲಿಯೂ ಹೀಗೆಯೇ ಕೇಳುತ್ತಿದ್ದೆಯಾ ಎಂದದ್ದಕ್ಕೆ, ಅಲ್ಲಿ ಕೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂದು ನಕ್ಕ.

ನಕ್ಷೆಯಲ್ಲಿ ಇಲ್ಲದ ಸಂಗತಿಯೂ ಒಂದಿದೆ ಎಂಬುದನ್ನು, ಮನಸ್ಸಿಲ್ಲದಿದ್ದರೂ, ಒಪ್ಪಲೇಬೇಕು. ಚೌಕ ಪೈಪನ್ನು ಪ್ಲೇಟಿಗೆ ಒಂದೇ ಬದಿಯಿಂದ ಬೆಸೆಯುತ್ತ ಹೋದರೆ, ಬೆಸುಗೆ ಆರುವಾಗ ಕುಗ್ಗಿ ತೋಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ನಾನು ನಾಲ್ಕೂ ಮೂಲೆಗೆ ಟ್ಯಾಕ್, ಅಂದರೆ ಅಲುಗದಂತೆ ಹಿಡಿದಿಡುವ ಚಿಕ್ಕ ಬೆಸುಗೆ, ಹಾಕಿ, ಎದುರುಬದುರು ಬದಿಗಳಲ್ಲಿ ತುಸುತುಸುವೇ ಬೆಸೆದು, ಮಧ್ಯೆ ಮಧ್ಯೆ ಮೂಲೆ ನೇರವಿದೆಯೇ ಎಂದು ಗುಣಿಯಾ (ಮೂಲೆಮಟ್ಟ) ಹಿಡಿದು ನೋಡಬೇಕಾಯಿತು. ಹುಬ್ಬಳ್ಳಿಯ ನಮ್ಮ ಹಳೆಯ ವೆಲ್ಡರ್ ಆ ಸೆಳೆತವನ್ನು ಮೊದಲೇ ಊಹಿಸಿ, ತೋಳನ್ನು ಕೂದಲೆಳೆಯಷ್ಟು ಎದುರು ದಿಕ್ಕಿಗೆ ವಾಲಿಸಿಟ್ಟು ಬೆಸೆಯುತ್ತಿದ್ದ, 2.5 ಮಿ.ಮೀ. ರಾಡಿಗೆ 80 ಆಂಪಿಯರ್ ಸಾಕೋ ಸಾಲದೋ ಎಂಬುದನ್ನು ಡಯಲ್ ನೋಡದೆ ಆರ್ಕಿನ ಸದ್ದಿನಿಂದಲೇ ತಿಳಿಯುತ್ತಿದ್ದ. ಒಂದೇ ತುಂಡಿನ ಕೆಲಸವೆಂದು ಭೋಸರಿಯವರಂತೆ ಅವನು ಮುಖ ಸಿಂಡರಿಸಿದವನೂ ಅಲ್ಲ. ಹಾಗೆಂದು ಗೋಡೆಯ ಬೋಲ್ಟು ಎಷ್ಟು ದಪ್ಪವಿರಬೇಕೆಂಬುದನ್ನು ಅವನ ಕಿವಿಗೆ ಬಿಡಲು ನಾನು ಸಿದ್ಧನಿಲ್ಲ.