ತಾರಸಿ ಮೇಲೆ ಹಾಯಿದೋಣಿ

ಮಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾನೆ. ಆಗಸ್ಟ್‌ನಲ್ಲಿ ನಾವು ಬರ್ತೀವಿ ಅಂದಿದ್ದಕ್ಕೆ, ಒಂದು ದಿನ ಹಾಯಿದೋಣಿ ಬಾಡಿಗೆಗೆ ಹಿಡಿಯೋಣ ಅಂದ. ಜೊತೆಗೊಂದು ಫಾರಂ ಕಳಿಸಿದ. ಯಾವ ದೋಣಿ ನಡೆಸಿದ್ದೀರಿ, ಯಾವ ನೀರಲ್ಲಿ, ಎಷ್ಟು ಗಾಳಿಯಲ್ಲಿ?

ನಾನು ತುಮಕೂರಿನವನು. ಸುಳ್ಳು ಬರೆಯಲಿಲ್ಲ. ದೋಣಿ: ಪೆಡಲ್ ತುಳಿಯುವಂಥದ್ದು. ನೀರು: ಅಮಾನಿಕೆರೆ. ಅವಧಿ: ಅರ್ಧ ಗಂಟೆ. ಗಾಳಿ: ಇರಲಿಲ್ಲ, ಸೆಕೆ ಇತ್ತು.

ಮಗ ಆರಿಸಿದ್ದು ಫೋಕ್‌ಬೋಟ್ ಅನ್ನೋ ಹಳೇ ಕಾಲದ ಮರದ ದೋಣಿ. 25 ಅಡಿ ಉದ್ದ. ಹಲಗೆಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೊಂದು ಕೂರಿಸಿರುತ್ತಾರೆ. 1940ರ ದಶಕದ ಆರಂಭದಲ್ಲಿ ಇದರ ನಕ್ಷೆಗೆ ಸ್ವೀಡನ್‌ನಲ್ಲಿ ಸ್ಪರ್ಧೆ ಇಟ್ಟರಂತೆ. ತೀರ್ಪುಗಾರರಿಗೆ ಯಾವುದೂ ಪೂರ್ತಿ ಹಿಡಿಸಲಿಲ್ಲ. ಕೊನೆಗೆ ಟಾರ್ಡ್ ಸುಂಡೆನ್ ಅನ್ನುವವರು ಅದರ ಚೆನ್ನಾಗಿರೋದು, ಇದರ ಚೆನ್ನಾಗಿರೋದು ಸೇರಿಸಿ ಒಂದು ನಕ್ಷೆ ಬರೆದರು. ನಮ್ಮಲ್ಲಿ ಹೆಣ್ಣು ನೋಡಲು ಹೋದವರೂ ಹೀಗೇ ಆಸೆಪಡ್ತಾರೆ, ಸಿಗಲ್ಲ ಅಷ್ಟೇ.

ಆ ಊರಲ್ಲಿ ಬೇಸಿಗೆ ಮಧ್ಯಾಹ್ನ ಗಾಳಿ ಗಂಟೆಗೆ 40 ಕಿಲೋಮೀಟರ್ ಆಸುಪಾಸು ಬೀಸುತ್ತೆ. ಒಳನಾಡಿನ ಕಣಿವೆ ಕಾದು ಅಲ್ಲಿನ ಗಾಳಿ ಮೇಲೇರಿದಾಗ, ಸಮುದ್ರದ ತಣ್ಣನೆ ಗಾಳಿ ಗೋಲ್ಡನ್ ಗೇಟ್ ಸಂದಿಯಲ್ಲಿ ನುಗ್ಗುತ್ತದಂತೆ. ಆದರೂ ಈ ದೋಣಿ ಸುಲಭಕ್ಕೆ ಮಗುಚಲ್ಲ, ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ತಳದ ಕಬ್ಬಿಣದಲ್ಲೇ ಇದೆ ಎಂದು ಹೆಂಡತಿಗೆ ಧೈರ್ಯ ಹೇಳಿದೆ. "ತಳದಲ್ಲಿ ಭಾರ ಇದ್ರೆ ಸಾಕು ಅಂದ್ರೆ ನೀವು ಕೂತ್ಕೊಂಡ್ರೆ ಆಯ್ತಲ್ಲ, ಕಬ್ಬಿಣ ಯಾಕೆ?" ಅಂದಳು.

ಆಷಾಢ ನಡೀತಿತ್ತು. ಗಾಳಿಗೆ ನಮ್ಮೂರಲ್ಲೇನು ಬರ ಅಂತ ತಾರಸಿ ಮೇಲೆ ಅಭ್ಯಾಸಕ್ಕಿಳಿದೆ. ನೀರಿನ ಟ್ಯಾಂಕಿನ ಪೈಪೇ ಕಂಬ, ಬಟ್ಟೆ ಒಣಹಾಕುವ ಬಿದಿರಿನ ಗಳವೇ ಅಡ್ಡಮರ, ಡಬಲ್ ಕಾಟಿನ ಬೆಡ್‌ಶೀಟು ಹಾಯಿ. ಅಡ್ಡಮರ ತಿರುಗದ ಹಾಗೆ ಅದರ ತುದಿಗೊಂದು ಹಗ್ಗ. ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದ ಭಾವಮೈದನೇ ಸಿಬ್ಬಂದಿ. ಹಗ್ಗ ಅವನ ಬಲಗೈಯಲ್ಲಿ, ಬೆಡ್‌ಶೀಟಿನ ಮೂಲೆ ಎಡಗೈಯಲ್ಲಿ.

ಇಲ್ಲೊಂದು ಮಾತು ಹೇಳಬೇಕು. ದೋಣಿಯವರ ಭಾಷೆಯಲ್ಲಿ ಶೀಟ್ ಅಂದ್ರೆ ಬಟ್ಟೆಯಲ್ಲ, ಹಾಯಿಯನ್ನು ಹಿಡಿತದಲ್ಲಿಡುವ ಹಗ್ಗ. ಗಾಳಿ ಹೆಚ್ಚಾದರೆ ಶೀಟ್ ಸಡಿಲ ಬಿಡಬೇಕು. ಇನ್ನೂ ಹೆಚ್ಚಾದರೆ, ಪಂಚೆ ಎತ್ತಿ ಕಟ್ಟುವ ಹಾಗೆ ಹಾಯಿಯನ್ನೇ ಮಡಿಸಿ ಚಿಕ್ಕದು ಮಾಡಬೇಕು. ಇದನ್ನೆಲ್ಲ ಹಿಂದಿನ ರಾತ್ರಿ ನಾನು ಓದಿದ್ದೆ. ಭಾವಮೈದ ಓದಿರಲಿಲ್ಲ.

ದೇವರಾಯನದುರ್ಗದ ಕಡೆಯಿಂದ ಒಂದು ಗಾಳಿ ಬಂತು ನೋಡಿ! ಬೆಡ್‌ಶೀಟು ಬಸುರಿ ಹಾಗೆ ಉಬ್ಬಿತು. "ಶೀಟ್ ಬಿಡೋ!" ಎಂದು ಕೂಗಿದೆ.

ಅವನು ಎಡಗೈ ಬಿಟ್ಟ. ಗಾಬರಿಗೆ ಬಲಗೈಯನ್ನೂ ಬಿಟ್ಟ.

ಗಳ ಗಿರ್ರನೆ ತಿರುಗಿ ನನ್ನ ಕಿವಿಯ ಮೇಲೆ ಬಂತು. ಹಾಯಿ ಕಿತ್ತುಕೊಂಡು, ಮಿಲ್ಲಿಗೆಂದು ಒಣಹಾಕಿದ್ದ ರಾಗಿಯನ್ನು ಗುಡಿಸಿಕೊಂಡು, ಗೋಡೆ ದಾಟಿ ಪಕ್ಕದ ಮನೆಯ ಸೋಲಾರ್ ಹೀಟರ್ ಮೇಲೆ ಲಂಗರು ಹಾಕಿತು. ಸಂಜೆ ಪಕ್ಕದ ಮನೆಯವರು ಬೆಡ್‌ಶೀಟು ತಂದುಕೊಟ್ಟು, "ಇವತ್ತು ಬಿಸಿನೀರೇ ಬರಲಿಲ್ಲ ಸಾರ್" ಅಂದರು. ರಾಗಿಯ ವಿಷಯ ಹೆಂಡತಿ ಇನ್ನೂ ಮಾತಾಡ್ತಿದ್ದಾಳೆ.

ಮಗನಿಗೆ ಫೋನ್ ಮಾಡಿದೆ. "ದೋಣಿ ಜೊತೆ ನಡೆಸುವವರನ್ನೂ ಕೊಡ್ತಾರಪ್ಪ, ನೀವು ಸುಮ್ನೆ ಕೂತ್ಕೊಳ್ಳಿ" ಅಂದ. ಇದನ್ನು ಮೊದಲೇ ಹೇಳಬಾರದಿತ್ತಾ?

ಫಾರಂ ಇನ್ನೂ ಕಳಿಸಿರಲಿಲ್ಲ. ತೆಗೆದು ಇನ್ನೊಂದು ಸಾಲು ಸೇರಿಸಿದೆ. ಜೋರು ಗಾಳಿಯಲ್ಲಿ ಹಾಯಿ ಕಳೆದುಕೊಂಡ ಅನುಭವ: ಒಮ್ಮೆ. ಸಿಬ್ಬಂದಿ ಕ್ಷೇಮ.